ಫ್ರೇಮಿಲ್ಲದೆ ಫೋಟೊ ಮಾರಿದ ನನ್ನ ಅನುಭವ

"ಫ್ರೇಮಿಲ್ಲದ ಫೋಟೊ ಯಾರು ತಗೊಳ್ತಾರೆ ಮಾರಾಯ್ರೆ?" ಮಂಗಳೂರಿನ ನನ್ನ ಫೋಟೊ ಬಳಗದ ಹೆಚ್ಚಿನವರು ಕೇಳಿದ್ದು ಇದನ್ನೇ. ಈಗ ನನ್ನ ಮಾರಾಟದಲ್ಲಿ ಮುಕ್ಕಾಲು ಪಾಲು ಬರೀ ಮೌಂಟ್ (ಫೋಟೊ ಕಾಣಲು ನಡುವೆ ಕಿಟಕಿ ಕೊಯ್ದ ದಪ್ಪ ರಟ್ಟು) ಹಾಕಿದ ಪ್ರಿಂಟುಗಳೇ.

ಮೊದಲು ನಾನೂ ಗಾಜು, ಫ್ರೇಮು ಸಮೇತ ಮಾರುತ್ತಿದ್ದೆ. ಫ್ರೇಮಿನ ಅಂಗಡಿಗೇ ಎಂಟುನೂರು, ಒಂಬೈನೂರು ಹೋಗುತ್ತಿತ್ತು. ಸಾವಿರದ ಇನ್ನೂರು ಅಂದರೆ ಗಿರಾಕಿ ಮುಂದೆ ಹೋಗುತ್ತಿದ್ದರು. ಮಳೆಗಾಲದಲ್ಲಂತೂ ಹಿಂದಿನ ಹಾರ್ಡ್‌ಬೋರ್ಡ್ ತೇವ ಎಳೆದು ಉಬ್ಬುತ್ತಿತ್ತು. ಗಾಜಿಗೆ ತಾಗಿ ಕೂತ ಪ್ರಿಂಟು ಅಲ್ಲೇ ಅಂಟಿ, ಬಿಡಿಸಲು ಹೋದರೆ ಬಣ್ಣದ ಪದರವೇ ಕಿತ್ತು ಬರುತ್ತಿತ್ತು. ಒಂದು ಜುಲೈಯಲ್ಲಿ ಸುಮಾರು ಹತ್ತು ಸಾವಿರದ ಮಾಲು ಬೂಷ್ಟು ಹಿಡಿದು ಹೋಯಿತು.

ಲೆಕ್ಕ ಕೂಡಿಬಂದದ್ದು ಬೋರ್ಡಿನ ಅಳತೆಯಲ್ಲಿ. 32×40 ಇಂಚಿನ ಮೌಂಟ್ ಬೋರ್ಡಿನಲ್ಲಿ 16×20ರ ನಾಲ್ಕು ತುಂಡು, ಚೂರೂ ವೇಸ್ಟಿಲ್ಲ. ಲ್ಯಾಬಿನಲ್ಲಿ ಅಗ್ಗವಾಗಿ ಬೀಳುವುದು 12×18. ಅದರೊಳಗೆ ಚಿತ್ರವನ್ನು 10×14ಕ್ಕಿಂತ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ದೊಡ್ಡದಾಗಿ ಕೂರಿಸಿ, ಸುತ್ತ ಬಿಳಿ ಬಿಟ್ಟು ಹಾಕಿಸುತ್ತೇನೆ. ಕಿಟಕಿ 10×14; ನಾಲ್ಕೂ ಕಡೆ ಮೂರಿಂಚು ಅಂಚು. ಒಳಗಿಂದ ಬಿದ್ದ ತುಂಡನ್ನು ಬಿಸಾಡಬೇಡಿ. ಅರ್ಧಕ್ಕೆ ಕೊಯ್ದರೆ 7×10ರ ಎರಡು ಸಿಗುತ್ತವೆ, 4×6 ಫೋಟೊಗೆ ಬೇಕಾದಷ್ಟಾಯಿತು.

ಪ್ರಿಂಟನ್ನು ಮೌಂಟಿಗೆ ಅಂಟಿಸುವುದು ಮೇಲಂಚಿಗೆ ಮಾತ್ರ, ಎರಡು ತುಂಡು ಗಮ್ ಪೇಪರ್ ಟೇಪಿನಲ್ಲಿ. ನಮ್ಮ ಹವೆಗೆ ಕಾಗದ ಹಿಗ್ಗುತ್ತದೆ. ನಾಲ್ಕೂ ಕಡೆ ಬಿಗಿದರೆ ಅಲೆ ಏಳುತ್ತದೆ. ಹಿಂದೆ ತೆಳು ಸನ್‌ಬೋರ್ಡ್ (ಹಗುರ ಫೋಮ್ ಹಲಗೆ), ಮೇಲೊಂದು ಪ್ಲಾಸ್ಟಿಕ್ ಕವರ್. ಮೂಲೆಯಲ್ಲಿ ಬ್ಲೇಡು ಗೆರೆ ದಾಟದಂತೆ ನಾನು ಕಂಡುಕೊಂಡ ಉಪಾಯವೊಂದಿದೆ, ಅದನ್ನು ಮಾತ್ರ ಹೇಳುವುದಿಲ್ಲ. ಎಲ್ಲ ಸೇರಿ ಇನ್ನೂರರ ಆಸುಪಾಸು ಬೀಳುತ್ತದೆ, ಆರುನೂರಕ್ಕೆ ಮಾರುತ್ತೇನೆ.

ಮಣಿಪಾಲದಲ್ಲಿ ಓದು ಮುಗಿಸಿ ಹೊರಟ ಮಕ್ಕಳು ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟುಕೊಂಡು ಹೋಗುತ್ತಾರೆ. ಒಡೆಯಲು ಗಾಜೇ ಇಲ್ಲ, 16×20ರ ರೆಡಿಮೇಡ್ ಫ್ರೇಮು ಆಮೇಲೆ ಅವರ ಊರಲ್ಲೇ ಸಿಗುತ್ತದೆ. 2024ರ ಜನವರಿಯಲ್ಲಿ ಉಡುಪಿ ಪರ್ಯಾಯದ ಹೊತ್ತಿಗೆ ರಥಬೀದಿ ಹತ್ತಿರದ ಗೆಳೆಯನ ಅಂಗಡಿಯಲ್ಲಿಟ್ಟಿದ್ದೆ. ಕಾಪು ಲೈಟ್‌ಹೌಸ್ ಎಲ್ಲಕ್ಕಿಂತ ಮೊದಲು ಖಾಲಿ, ನಂತರ ಕಂಬಳ. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ನನಗೆ ತುಂಬಾ ಇಷ್ಟ, ಆದರೆ ನಿಧಾನ. ಕೋಲದ ಫೋಟೊ ಎಷ್ಟು ಕೇಳಿದರೂ ಕೊಡುವುದಿಲ್ಲ. ದೈವಕ್ಕೆ ಬೆಲೆಚೀಟಿ ಹಚ್ಚಲು ನನಗೆ ಮನಸ್ಸಿಲ್ಲ.

ನಡುವೆ ಅಡಿಕೆ ಹಾಳೆಯಲ್ಲೂ ಮೌಂಟ್ ಕೊಯ್ದು ನೋಡಿದೆ. ಚಂದ ಕಂಡಿತು, ಒಂದೇ ಮಳೆಗೆ ಸೊಟ್ಟಗಾಯಿತು. ಫ್ರೇಮಿಗಾದರೆ ಹಳೆ ಹಂಚಿನ ಮನೆ ಕೆಡವುವಲ್ಲಿ ಸಿಗುವ ರೀಪು (ಹಂಚು ಕೂರುವ ಮರದ ಪಟ್ಟಿ) ಮಾತ್ರ ಬಂಗಾರ. ಹತ್ತಾರು ಮಳೆಗಾಲ ಕಂಡ ಮರ, ಇನ್ನು ಸುಲಭಕ್ಕೆ ಬಾಗುವುದಿಲ್ಲ. ಗಾಜು ಕೂರಲು ಆಚಾರಿಯ ಕೈಯಲ್ಲಿ ಕಚ್ಚು ತೆಗೆಸಿ, ಮೊಳೆಯ ತೂತು, ಹೊಗೆಯ ಕಪ್ಪು ಹಾಗೇ ಉಳಿಸಿದೆ. ಫ್ರೇಮೇ ಬೇಕೆಂದು ಹಠ ಹಿಡಿದವರು ಇದಕ್ಕೆ ಒಂದೂವರೆ ಸಾವಿರ ಕೊಟ್ಟದ್ದುಂಟು. ಈಗ ಪಕ್ಕಾಸು (ರೀಪಿನ ಕೆಳಗಿನ ದಪ್ಪ ಮರ) ಸೀಳಿಸಿ 20×24ರ ಫ್ರೇಮಿಗೆ ನೋಡುತ್ತಿದ್ದೇನೆ. ಆಚಾರಿಯ ಕೂಲಿ ಸೇರಿ ಐನೂರರೊಳಗೆ ನಿಂತರೆ ಅದನ್ನೂ ಮಾರಾಟಕ್ಕಿಡುತ್ತೇನೆ.