ರಸ್ತೆ ‘ರಸೆತ’ ಆಗುತ್ತಿತ್ತು: ಒತ್ತಕ್ಷರದ ಜೊತೆ ನನ್ನ ಒಂದು ವರ್ಷ

ನಮ್ಮ ಶಾಲೆ ಇರೋದು ಗದಗ ಜಿಲ್ಲೆಯಲ್ಲಿ, ಲಕ್ಷ್ಮೇಶ್ವರದಿಂದ ಹತ್ತು ಹನ್ನೆರಡು ಕಿಲೋಮೀಟರ್. ನಾಲ್ಕು ಮತ್ತು ಐದನೇ ತರಗತಿಯ ಕನ್ನಡ ನನ್ನದು. ಇದನ್ನು ಬರೆಯಲು ಕಾರಣ ಇಷ್ಟೇ: ಹೋದ ಜೂನ್‌ನಲ್ಲಿ ಈ ಮಕ್ಕಳಿಗೆ ಒತ್ತಕ್ಷರ ಓದಿಸುವ ಮಾತು ಬಂದಾಗ “ಅದು ಆಗೂ ಮಾತಲ್ಲ ಬಿಡ್ರಿ ಅಕ್ಕೋರ” ಅಂದವರೇ ಈಗ ಫೋನ್ ಮಾಡಿ “ಹೆಂಗ ಮಾಡಿದ್ರಿ?” ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿದೆ.

ನಲಿ-ಕಲಿ (ಒಂದರಿಂದ ಮೂರನೇ ತರಗತಿಯವರೆಗಿನ ಚಟುವಟಿಕೆಯ ಕಲಿಕೆ) ಮುಗಿಸಿ ನಾಲ್ಕಕ್ಕೆ ಬರುವ ಮಕ್ಕಳು ಹೇಗಿರುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಅಲ್ಲಿನ ಅಕ್ಷರ ಕ್ರಮದಂತೆ ರ ಗ ಸ ದ ಅ ದಿಂದ ಶುರು ಮಾಡಿ ಕಲಿಕೆಯ ಏಣಿ ಹತ್ತಿದವರು. ಸರಳ ಪದ ಓದುತ್ತಾರೆ, ಕಾಗುಣಿತವೂ ಪರವಾಗಿಲ್ಲ. ಒತ್ತಕ್ಷರ ಬಂತೋ, ಗಾಡಿ ನಿಂತಿತು. ನಮ್ಮೂರ ಬಸ್ ಸ್ಟಾಪಿನಲ್ಲಿ ಐದು ನಿಮಿಷ ನಿಂತರೆ ಸಾಕು, ಯಾವ ಪರೀಕ್ಷೆಯೂ ಬೇಡ. ‘ಗದಗ’ ಅನ್ನೋ ಬೋರ್ಡನ್ನು ಒಂದನೇ ತರಗತಿಯ ಮಗುವೂ ಓದುತ್ತದೆ, ಮೂರೂ ಬೋಳು ಅಕ್ಷರ. ‘ಹುಬ್ಬಳ್ಳಿ’ ಬಂದರೆ ಐದನೆಯವನೂ ‘ಹುಬಳಿ’ ಅನ್ನುತ್ತಾನೆ. ‘ಲಕ್ಷ್ಮೇಶ್ವರ’ ಬಂದರೆ ಡ್ರೈವರ್ ಮುಖ ನೋಡಿ ಹೇಳುತ್ತಾರೆ. ಎರಡೂ ತರಗತಿ ಸೇರಿ ನನ್ನ ಹತ್ತಿರ ಇದ್ದದ್ದು 23 ಮಕ್ಕಳು. ಅದರಲ್ಲಿ ಹದಿನೈದೋ ಹದಿನಾರೋ ಮಂದಿ ಹೀಗೆ ನಿಂತವರು.

ಮೊದಲು ನಾನು ಕಳೆದುಕೊಂಡ ದುಡ್ಡಿನ ಕಥೆ. ಹುಬ್ಬಳ್ಳಿಯಲ್ಲಿ ಎರಡು ಫ್ಲೆಕ್ಸ್ ಮಾಡಿಸಿದೆ, ಕ್ಕ ದಿಂದ ಳ್ಳ ತನಕ ಬಣ್ಣ ಬಣ್ಣದ್ದು, ಸುಮಾರು 1,800 ರೂಪಾಯಿ. ಮಕ್ಕಳು ಅದನ್ನು ಹಾಡಿನಂತೆ ಒಪ್ಪಿಸುತ್ತಿದ್ದರು. ನಡುವೆ ಒಂದರ ಮೇಲೆ ಕೋಲಿಟ್ಟು ಕೇಳಿದರೆ ಮತ್ತೆ ಮೊದಲಿನಿಂದ ಹಾಡಿಕೊಂಡು ಅಲ್ಲಿಗೆ ಬರಬೇಕು. ಆಮೇಲೆ ಆಯಸ್ಕಾಂತದ ಪ್ಲಾಸ್ಟಿಕ್ ಅಕ್ಷರ, ಎರಡು ಡಬ್ಬಿ, ಒಂದಕ್ಕೆ 650 ಇರಬೇಕು. ಮನೆಗೆ ತಂದು ಬಿಚ್ಚಿ ನೋಡಿದರೆ ಸ್ವರ ಇದೆ, ವ್ಯಂಜನ ಇದೆ, ಒತ್ತು ಒಂದೂ ಇಲ್ಲ! ಕನ್ನಡದ ಡಬ್ಬಿಯಲ್ಲಿ ಒತ್ತಿಲ್ಲ ಅಂದರೆ ಏನು ಹೇಳೋದು? ಮೂರನೆಯದು ಲ್ಯಾಮಿನೇಷನ್ ಕಾರ್ಡು, ಒಂಬೈನೂರು ಚಿಲ್ಲರೆ. ನಮ್ಮ ಮನೆಯವರು “ನಿನ್ನ ಪಗಾರ ಶಾಲೆಗೇ ಬರೆದುಕೊಟ್ಟುಬಿಡು” ಅಂದರು. ಒಟ್ಟು ನಾಲ್ಕು ಸಾವಿರ ಹೋಯಿತು ಅಂತ ಇಟ್ಟುಕೊಳ್ಳಿ. ಹತ್ತು ಹತ್ತು ಸಲ ಬರೆಸುವ ಕೆಲಸವನ್ನೂ ಮಾಡಿದೆ. ಮಕ್ಕಳ ಅಕ್ಷರ ದುಂಡಗಾಯಿತು, ಅಷ್ಟೇ.

ದಾರಿ ಕಂಡದ್ದು ಒಬ್ಬ ಹುಡುಗಿಯ ಪ್ರಶ್ನೆಯಿಂದ. ‘ಅಜ್ಜ’ ಬರೆಯಲು ಹೇಳಿದರೆ ‘ಅಜಜ’ ಅಂತ ಬರೆದಿದ್ದಳು. ತಿದ್ದಲು ಹೋದೆ. ಅವಳು “ಎರಡ ಜ ಅಲ್ರಿ ಅಕ್ಕೋರ? ನಾನೂ ಎರಡ ಬರದೇನಿ. ನಿಮ್ಮದು ಯಾಕ ಕೆಳಗ ಕುಂತೈತಿ?” ಅಂದಳು. ಅಂದರೆ ಕಿವಿಗೆ ಸರಿಯಾಗಿಯೇ ಕೇಳಿದೆ! ತಪ್ಪು ಕಿವಿಯಲ್ಲಿಲ್ಲ, ಎಲ್ಲಿ ಕೂರಿಸಬೇಕು ಅನ್ನುವುದರಲ್ಲಿ. ನಾನು ಹದಿನಾಲ್ಕು ವರ್ಷದಿಂದ ಕಣ್ಣಿನಿಂದ ಕಲಿಸುತ್ತಿದ್ದೆ.

ಮರುದಿನದಿಂದ ಚಾರ್ಟು ಮಡಚಿಟ್ಟೆ. ಬೆಳಿಗ್ಗೆ ಹಾಲು ಕುಡಿದ ಮೇಲೆ ಇಪ್ಪತ್ತು ನಿಮಿಷ, ಪುಸ್ತಕ ಇಲ್ಲ. ಮನೆಯಿಂದ ಒಂದೊಂದು ಪದ ತರಬೇಕು, ಬಾಯಲ್ಲಿ ‘ತಡೆದು ಬಿಡುವ’ ಪದ. ರೊಟ್… ಅಂತ ನಿಲ್ಲಿಸು, ಆಮೇಲೆ ಟಿ. ಗುಡ್… ಡ. ಹಳ್… ಳ. ನಮ್ಮ ಕಡೆ ಮಾತಿನಲ್ಲಿ ಇಂಥ ಪದಗಳಿಗೆ ಬರಗಾಲವೇ ಇಲ್ಲ ಅಲ್ವಾ. ಅಪ್ಪ, ಅವ್ವ, ಸಜ್ಜಿ, ಕಟ್ಟಿ, ಬಳ್ಳೊಳ್ಳಿ. ಉಳ್ಳಾಗಡ್ಡಿ ತಂದವನು ಅವತ್ತು ಹೀರೋ, ಒಂದರಲ್ಲೇ ಎರಡು ಒತ್ತು. ಪಠ್ಯದ ‘ಈರುಳ್ಳಿ’ಯಲ್ಲಿ ಒಂದೇ ಒತ್ತು, ಅವನು ಬಹಳ ದಿನ ಅದನ್ನೇ ಹೇಳಿಕೊಂಡು ತಿರುಗಿದ.

ಬರೆಯಲು ಹಳೇ ಲಗ್ನಪತ್ರದ ಹಿಂಬದಿ. ಊರಲ್ಲಿ ಕೇಳಿದರೆ ಚೀಲಗಟ್ಟಲೆ ಬರುತ್ತವೆ, ಗಟ್ಟಿ ಕಾಗದ, ಪುಕ್ಕಟೆ. ಮಾರ್ಕರ್ ಪೆನ್ನು ಮತ್ತು ರಬ್ಬರ್ ಬ್ಯಾಂಡಿಗೆ ವರ್ಷಪೂರ್ತಿ 240 ರೂಪಾಯಿ ಆಗಿರಬಹುದು.

ಕ್ರಮ ಮಾತ್ರ ನಾನೇ ಬದಲಿಸಿದೆ. ವರ್ಣಮಾಲೆಯ ಸಾಲು ಬಿಟ್ಟೆ. ಮೊದಲು ಒತ್ತು ತನ್ನ ಅಕ್ಷರದಂತೆಯೇ ಕಾಣುವ ಕ್ಕ, ಜ್ಜ, ಟ್ಟ, ಡ್ಡ, ಪ್ಪ, ಳ್ಳ. ತ ನ ಮ ಯ ರ ಲ ಈ ಆರರ ಒತ್ತಿಗೆ ಬೇರೆಯೇ ಮುಖ, ಅವನ್ನು ದಸರಾ ನಂತರಕ್ಕೆ ಇಟ್ಟೆ. ಹಾಗಾಗಿ ಅನ್ನ, ಬೆಲ್ಲ, ಹತ್ತಿ ಎಲ್ಲ ತಡವಾಗಿ ಬಂದವು. “ಅನ್ನ ಬರೆಯೋದಕ್ಕೂ ಮೊದಲು ಉಳ್ಳಾಗಡ್ಡಿ ಬರೆಸ್ತೀರಲ್ಲ” ಅಂತ ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ.

ಅವರ ಇನ್ನೊಂದು ಮಾತು ಮಾತ್ರ ನಿಜವಾಯಿತು. “ಎಮ್ಮಿ, ಬೆಣ್ಣಿ ಅಂತ ಬರೆಸಿದರೆ ಪರೀಕ್ಷೆಯಲ್ಲೂ ಅದನ್ನೇ ಬರೆಯುತ್ತಾರೆ” ಅಂದಿದ್ದರು. ಆರೇಳು ಮಂದಿ ಬರೆದರು. ನಾನೇ ಅಂಕ ಕಳೆದೆ. ಆಮೇಲೆ ಕಾರ್ಡಿನಲ್ಲಿ ಮೇಲೆ ‘ಎಮ್ಮಿ’, ಕೆಳಗೆ ‘ಎಮ್ಮೆ’ ಬರೆಸಿ, ಮೇಲಿನದು ಮನೆಯದು, ಕೆಳಗಿನದು ಪುಸ್ತಕದ್ದು ಅಂತ ಹೇಳಿಕೊಟ್ಟೆ. ಅದು ಸರಿಹೋಗಲು ಡಿಸೆಂಬರ್ ಬಂತು.

ನಡುವೆ ಒಂದು ಉಪದ್ವ್ಯಾಪ. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಎತ್ತು ಮಾಡಿ ಮಿಕ್ಕ ಮಣ್ಣಿತ್ತು. ಅದರಲ್ಲಿ ಒತ್ತು ಮಾಡಿಸಿದೆ, ಮುಟ್ಟಿ ಕಲಿಯಲಿ ಅಂತ. ಎರೆ ಮಣ್ಣು, ಎರಡು ದಿನಕ್ಕೆ ಒಣಗಿ ಬಿರುಕು ಬಿಟ್ಟಿತು. ‘ಟ್ಟ’ ಮುರಿದು ಎರಡಾಯಿತು. ಕೆಮ್ಮಣ್ಣು ಬೆರೆಸಿ ಮಾಡಿದ್ದು ಸ್ವಲ್ಪ ತಡೆಯಿತು, ಆದರೆ ಅಷ್ಟರಲ್ಲಿ ಮಕ್ಕಳು ಒತ್ತು ಬಿಟ್ಟು ಎತ್ತಿನ ಕೋಡು ಮಾಡಲು ಕೂತಿದ್ದರು. ಕಸ ಹೊಡೆದದ್ದು ನಾನು.

ಈಗ ನಿಜವಾದ ಗೋಡೆಗೆ ಬರೋಣ. ಅಜ್ಜ, ರೊಟ್ಟಿ ಬಂದ ಮಕ್ಕಳು ‘ರಸ್ತೆ’ಯನ್ನು ‘ರಸೆತ’ ಅಂತ ಓದಿದರು. ‘ಪುಸ್ತಕ’ ಬರುತ್ತದೆ, ‘ರಸ್ತೆ’ ಬರಲ್ಲ. ಯಾಕೆ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಬರೆದು ನೋಡಿ. ಎ ಗುಣಿತ ಇರುವುದು ಮೇಲಿನ ಸ ಮೇಲೆ. ಅದನ್ನು ಹೇಳುವುದು ಕೆಳಗಿನ ತ ಜೊತೆ. ಮಗು ಕಂಡದ್ದನ್ನೇ ಓದುತ್ತಿದೆ! ರೊಟ್ಟಿಯಲ್ಲಿ ಮೇಲೂ ಟ, ಕೆಳಗೂ ಟ, ಅದಕ್ಕೇ ಅಲ್ಲಿ ಈ ತೊಂದರೆ ಕಾಣಲಿಲ್ಲ.

ಇದಕ್ಕೆ ಟೊಪಗಿ ಆಟ ಹುಟ್ಟಿತು. ಇಬ್ಬರು ಮಕ್ಕಳು. ಒಬ್ಬ ನಿಲ್ಲಬೇಕು, ಅವನ ಕೊರಳಿಗೆ ಸ. ಇನ್ನೊಬ್ಬ ಅವನ ಕಾಲ ಬಳಿ ಕೂರಬೇಕು, ಅವನದು ತ. ನಿಂತವನ ತಲೆ ಮೇಲೆ ಗಾಂಧಿ ಟೊಪಗಿ, ಅದೇ ಗುಣಿತ. ಟೊಪಗಿ ಕೂತವನದು, ನಿಂತವನು ಬರೀ ಹೊತ್ತುಕೊಂಡಿದ್ದಾನೆ. ನಿಂತವನು “ಸ್” ಅಂದ ಕೂಡಲೇ ಕೂತವನು ಕೈ ಚಾಚಿ ಟೊಪಗಿ ಕಿತ್ತುಕೊಂಡು ತಲೆಗೆ ಹಾಕಿಕೊಂಡು “ತೆ” ಅನ್ನಬೇಕು. ಮೊದಲ ದಿನ ಟೊಪಗಿಗೆ ಜಗಳ, ಎರಡನೇ ದಿನ ಒಬ್ಬನ ಅಂಗಿ ಗುಂಡಿ ಹೋಯಿತು. ಮೂರನೇ ದಿನ ನಾನು ಬೋರ್ಡಿನ ಮೇಲೆ ‘ಆಸ್ತಿ’ ಬರೆದೆ, ಏನೂ ಹೇಳಲಿಲ್ಲ. ಹಿಂದಿನ ಸಾಲಿನ ಹುಡುಗ, ಅಲ್ಲಿಯವರೆಗೆ ಬಾಯಿ ಬಿಡದವನು, ಗಾಳಿಯಲ್ಲಿ ಕೈ ಚಾಚಿ ಟೊಪಗಿ ಕಿತ್ತುಕೊಂಡಂತೆ ಮಾಡಿ ‘ಆಸ್… ತಿ’ ಅಂದ. ಟೊಪಗಿ ಕೊಟ್ಟ ಎಸ್‌ಡಿಎಂಸಿಯ (ಶಾಲಾ ಅಭಿವೃದ್ಧಿ ಸಮಿತಿಯ) ಹಿರಿಯರಿಗೆ ಇದನ್ನು ಹೇಳಿದಾಗ ಇನ್ನೂ ಎರಡು ಟೊಪಗಿ ಕಳಿಸಿದರು.

ಭೇಟಿಗೆ ಬಂದ ಮೇಲಿನವರೊಬ್ಬರು ಬಾಗಿಲಲ್ಲೇ ನಿಂತು “ಇದೇನು ತರಗತಿಯೋ ಜಾತ್ರೆಯೋ” ಅಂದರು. ನಾನು ಸುಮ್ನೆ ಒಂದು ಮಗುವಿನ ಕೈಗೆ ಪುಸ್ತಕ ಕೊಟ್ಟೆ. ಪುಟವನ್ನೂ ಅವರೇ ತೆಗೆದರು. ಓದಿದ. ಅವರು ಚಹಾ ಕುಡಿದು ಹೋದರು, ಆ ದಿನ ಮತ್ತೇನೂ ಅನ್ನಲಿಲ್ಲ.

ಎಲ್ಲ ನೆಟ್ಟಗೆ ಸಾಗಿತು ಅಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್ ಕೊನೆಗೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಬಂತು, ನಾವೆಲ್ಲ ಮನೆ ಮನೆ ತಿರುಗಿದೆವು, ರಜೆ ಅಕ್ಟೋಬರ್ 18ರವರೆಗೆ ಹೋಯಿತು. ತಿರುಗಿ ಬಂದಾಗ ಅರ್ಧ ಮಕ್ಕಳು ‘ಹುಬಳಿ’ಗೇ ಮರಳಿದ್ದರು. ಆಮೇಲೆ ಹತ್ತಿ ಬಿಡಿಸುವ ಕಾಲ, ಐದಾರು ಮಂದಿ ವಾರಗಟ್ಟಲೆ ಹೊಲಕ್ಕೆ. ಅವರಿಗೆ ಕಾರ್ಡು ಕಟ್ಟಿ ಕಳಿಸಿದೆ, ಹೊಲದಿಂದ ದಿನಕ್ಕೊಂದು ಒತ್ತಿನ ಪದ ತರಬೇಕು ಅಂತ. ಹೆಚ್ಚಿನವರು ಕಾರ್ಡು ಕಳೆದರು. ಒಬ್ಬಳು ಮಾತ್ರ ಮೂವತ್ತರ ಮೇಲೆ ಪದ ತಂದಳು, ಅವಳೇ ‘ಅಜಜ’ದವಳು.

ಮಾರ್ಚ್ ಹೊತ್ತಿಗೆ ನನ್ನ ನೆನಪಿನ ಲೆಕ್ಕ: 23ರಲ್ಲಿ ಹದಿನೆಂಟು ಮಂದಿ ನೋಡದ ಪುಟ ಓದುತ್ತಾರೆ, ನಿಧಾನ ಇರಬಹುದು, ಆದರೆ ಓದುತ್ತಾರೆ. ಮೂವರು ತಡವರಿಸುತ್ತಾರೆ. ಇಬ್ಬರು ತಂದೆ ತಾಯಿ ಜೊತೆ ಗೋವಾ ಕಡೆ ದುಡಿಯಲು ಹೋದರು, ಅವರದು ಗೊತ್ತಿಲ್ಲ. ಇಷ್ಟು ನಮ್ಮ ಕ್ಲಸ್ಟರಿನಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲಿ, ಬೇರೆ ಯಾರೂ ಮಾಡಿಲ್ಲ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ.

ಅರ್ಕಾವತ್ತಿನ ಬಗ್ಗೆ ಬಹಳ ಜನ ಕೇಳುತ್ತಾರೆ. ‘ಸೂರ್ಯ’ದಲ್ಲಿ ರ್ ಮೊದಲು ಹೇಳುತ್ತೇವೆ, ಬರೆಯೋದು ಕೊನೆಗೆ, ಟೊಪಗಿ ಅಲ್ಲಿ ಕೆಲಸ ಮಾಡಲ್ಲ. ಅದಕ್ಕೆ ನನ್ನ ಹತ್ತಿರ ಬೇರೆ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಶಿಕ್ಷಕರ ಮುಂದಿನ ಸಮಾಲೋಚನಾ ಸಭೆಯಲ್ಲಿ ಮಾಡಿಯೇ ತೋರಿಸುತ್ತೇನೆ. ನಕ್ಕವರು ಮುಂದಿನ ಸಾಲಿನಲ್ಲಿ ಕೂರಲಿ.

‘ಲಕ್ಷ್ಮೇಶ್ವರ’ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಅಲ್ಲಿ ಕ, ಅದರ ಕೆಳಗೆ ಷ, ಅದರ ಪಕ್ಕ ಮ. ಒಬ್ಬ ನಿಂತ, ಒಬ್ಬ ಕೂತ, ಮೂರನೆಯವನು ಏನು ಮಾಡಬೇಕು? ಹೋದ ವಾರ ಅವನನ್ನು ಜಮಖಾನೆಯ ಮೇಲೆ ಮಲಗಿಸಿದ್ದೆ. ಟೊಪಗಿ ಅವನವರೆಗೆ ಬರುವಷ್ಟರಲ್ಲಿ ನಿದ್ದೆ ಹೋಗಿದ್ದ.