ಜೈಸಲ್ಮೇರಿನ ಪೇಟೆಯಿಂದ ಕಾರವಾರದ ಮಳೆಗಾಲಕ್ಕೆ: ಏನು ನೋಡಬೇಕು, ಏನು ಕೊಳ್ಳಬೇಕು

ಜೈಸಲ್ಮೇರಿಗೆ ಹೊರಡಲು ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಕರಾವಳಿಯವರು ಸ್ವೆಟರ್ ಮರೆಯಬೇಡಿ; ಜನವರಿಯ ರಾತ್ರಿ ಮೈ ನಡುಗುತ್ತದೆ. ಕೊಂಕಣ ರೈಲ್ವೆಯಲ್ಲಿ ರಾಜಸ್ಥಾನದ ಗಾಡಿಗಳು ದಿನವೂ ಇಲ್ಲ, ವಾರ ನೋಡಿ ಟಿಕೆಟ್ ತೆಗೆಯಿರಿ. ಜೋಧಪುರದಿಂದ ಮುಂದೆ ಐದಾರು ತಾಸು.

ಕೋಟೆಯೊಳಗೆ ರೂಮು ಹಿಡಿಯಬೇಡಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಈ ಕೋಟೆ ಮಳೆಯೇ ಅಪರೂಪವಾದ ಊರಿಗೆಂದು ಎದ್ದದ್ದು. ಈಗ ಬಚ್ಚಲಿನ ನೀರು ಇಂಗಿ ಬುಡದ ಮಣ್ಣು ಸಡಿಲವಾಗುತ್ತಿದೆ, ಬುರುಜುಗಳು ಕುಸಿದಿವೆ. ಕೆಳಗಿನ ಪೇಟೆಯಲ್ಲಿ ಉಳಿದು, ಬೆಳಿಗ್ಗೆ ಹತ್ತಿ ಹೋಗಿ. ಒಳಗಿನ ಜೈನ ಬಸದಿಗಳನ್ನು ಮಧ್ಯಾಹ್ನದೊಳಗೆ ನೋಡಿ ಮುಗಿಸಬೇಕು. ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡುವುದಿಲ್ಲ.

ಹವೇಲಿಗಳಿಗೆ, ಅಂದರೆ ಕೆತ್ತನೆಯ ಹಳೆಯ ದೊಡ್ಡ ಮನೆಗಳಿಗೆ, ಮಧ್ಯಾಹ್ನದ ನಂತರ ಹೋಗಿ. ಪಟವೋಂ ಕಿ ಹವೇಲಿ ಒಂದೇ ಮನೆಯಲ್ಲ, ಸಾಲಾಗಿ ಐದು. ಕೆಲಸ ಶುರುವಾದದ್ದು 1805ರಲ್ಲಿ. ನಥಮಲ್ ಹವೇಲಿಯ ಎದುರು ಮಾತ್ರ ಅವಸರ ಬೇಡ. ಹಾಥಿ, ಲಾಲೂ ಎಂಬ ಅಣ್ಣತಮ್ಮಂದಿರು ಎಡಬಲ ಹಂಚಿಕೊಂಡು ಕೆತ್ತಿದ್ದು. ದೂರಕ್ಕೆ ಒಂದೇ ಥರ, ಹತ್ತಿರ ಹೋದರೆ ಎರಡೂ ಬದಿಯ ಬಳ್ಳಿ, ಕಿಟಕಿ ಬೇರೆ ಬೇರೆ. ಶಿರಸಿ ಕಡೆಯ ಗುಡಿಗಾರರ ಕೆತ್ತನೆ ನೋಡಿ ಬೆಳೆದ ಕಣ್ಣಿಗೆ ಇದು ಹಬ್ಬ.

ಮೊದಲ ದಿನ ಏನೂ ಕೊಳ್ಳಬೇಡಿ. ಸರಕಾರಿ ಮಳಿಗೆ ರಾಜಸ್ಥಲಿಯಲ್ಲಿ ದರ ನೋಡಿಕೊಂಡು, ಮರುದಿನ ಮಾಣಕ್ ಚೌಕದ ಪೇಟೆಯತ್ತ ಹೋಗಿ. ಗೈಡ್ ಅಥವಾ ಆಟೋದವರ ಜೊತೆ ಅಂಗಡಿಗೆ ಹೋದರೆ ಅವರ ಕಮಿಷನ್ನೂ ನಿಮ್ಮ ಬಿಲ್ಲಿಗೇ ಸೇರುತ್ತದೆ. ಬೆಲೆಗಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಒಣ ಹವೆಯಲ್ಲಿ ಹುಟ್ಟಿದ ವಸ್ತು ನಮ್ಮ ಜೂನ್, ಜುಲೈ ತಾಳುತ್ತದೆಯೇ?

ಬಟ್ಟೆ ತಾಳುತ್ತದೆ. ರಲ್ಲಿ ಎಂಬ ತೇಪೆಕೆಲಸದ ಹೊದಿಕೆ ನಮ್ಮ ಕೌದಿಯ ಬಳಗದ್ದೇ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಅಂಚಿನಿಂದ ಸುತ್ತುತ್ತ ನಡುವಿಗೆ ಹೊಲಿಯುತ್ತಾರೆ. ರಲ್ಲಿಯಲ್ಲಿ ಉದ್ದಕ್ಕೂ ನೇರ ಸಾಲುಗಳು. ಮಗುಚಿ ಹಿಂಬದಿ ನೋಡಿ: ಕೈಹೊಲಿಗೆಯಾದರೆ ಹೊಲಿಗೆ ತುಸು ಏರುಪೇರು, ಮಿಷಿನ್ನಿನದಾದರೆ ಒಂದೇ ಅಳತೆ. ಬಿಳಿ ಕರವಸ್ತ್ರ ಒದ್ದೆ ಮಾಡಿ ಕೆಂಪು, ನೀಲಿ ಜಾಗಕ್ಕೆ ಉಜ್ಜಿ. ಬಣ್ಣ ಹತ್ತಿದರೆ ಬಿಡಿ. ಹಳೆಯ ಲಂಗದ ತುಂಡು ಜೋಡಿಸಿದ ಗೋಡೆಬಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ. ದಾರ ಸತ್ತಿದ್ದರೆ ಒಂದೇ ಒಗೆತಕ್ಕೆ ಹರಿಯುತ್ತದೆ.

ಒಂಟೆ ಚರ್ಮದ ವಿಷಯದಲ್ಲಿ ಎಚ್ಚರ. ಸರಿಯಾಗಿ ಹದ ಮಾಡದ ಚೀಲ ನಮ್ಮಲ್ಲಿ ಎರಡೇ ವಾರಕ್ಕೆ ಬೂಷ್ಟು ಹಿಡಿದು ನಾರುತ್ತದೆ. ಅಂಗಡಿಯಲ್ಲೇ ಮೂಗಿಗೆ ಹಿಡಿಯಿರಿ; ಅಲ್ಲಿಯ ಒಣಗಾಳಿಯಲ್ಲೇ ವಾಸನೆ ಬಂದರೆ ಇಲ್ಲಿ ಸಹಿಸಲಾಗದು. ಮೋಜಡಿ ಎಂಬ ಅಲ್ಲಿಯ ಚರ್ಮದ ಜೋಡಿನಲ್ಲಿ ಎಡ ಬಲ ಎಂಬುದಿಲ್ಲ, ಮೆಟ್ಟಿದ ಪಾದಕ್ಕೆ ತಾನೇ ಒಗ್ಗುತ್ತದೆ. ಅಗಲದಲ್ಲಿ ಬಿಗಿಯಿರಲಿ, ಉದ್ದದಲ್ಲಿ ಬೇಡ.

ಹಾಬೂರ್ ಕಲ್ಲಿನ ಬಟ್ಟಲು ಚೆಂದ. ಇದರಲ್ಲಿ ಹೆಪ್ಪು ಹಾಕದೆಯೇ ಹಾಲು ಮೊಸರಾಗುತ್ತದೆ ಎಂಬ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ಅದು ಸುಣ್ಣದ ಕಲ್ಲು. ಅಪ್ಪೆಹುಳಿ, ಮುರುಗಲು, ಲಿಂಬೆ ಬಿದ್ದರೆ ಹೊಳಪು ತಿಂದು ಕಲೆ ಉಳಿಯುತ್ತದೆ.

ಸಂಗೀತಕ್ಕೆ ಮಂಗಣಿಯಾರರನ್ನು ಕೇಳಲೇಬೇಕು. ತಲೆಮಾರುಗಳಿಂದ ಹಾಡುತ್ತ ಬಂದ ಮುಸ್ಲಿಂ ಮನೆತನಗಳು ಇವು. ಪೋಷಕರು ಹೆಚ್ಚಾಗಿ ರಜಪೂತರು. ಸಮ್‌ನ ಮರಳುದಿಬ್ಬ ಪೇಟೆಯಿಂದ ಸುಮಾರು 40 ಕಿಲೋಮೀಟರ್. ಅಲ್ಲಿಯ ಕ್ಯಾಂಪುಗಳ ಸ್ಪೀಕರಿನ ಅಬ್ಬರದಲ್ಲಿ ಕಮಾಯಚಾ ಎಂಬ ತಂತಿವಾದ್ಯದ ಕಮಾನಿನ ನಾದ ಮುಳುಗಿಹೋಗುತ್ತದೆ. ಮೈಕಿಲ್ಲದ ಸಣ್ಣ ಕೂಟ ಹುಡುಕಿ, ಹಾಡುವವರ ಕೈಗೇ ಹಣ ಕೊಡಿ. ಕಮಾಯಚಾ ಕೊಂಡು ತರುವ ಆಸೆ ಮಾತ್ರ ಬೇಡ: ಅದರ ಹೊಟ್ಟೆಗೆ ಬಿಗಿದದ್ದು ಆಡಿನ ಚರ್ಮ. ಥಂಡಿಗೆ ಮದ್ದಳೆ ಶ್ರುತಿ ಇಳಿಯುವುದನ್ನು ಯಕ್ಷಗಾನದ ಆಟ ನೋಡುವವರೆಲ್ಲ ಬಲ್ಲರು. ಇದರ ಗತಿಯೂ ಅದೇ. ತಾಳ ಹಾಕುವ ಖಡತಾಲ್ ತನ್ನಿ: ನಾಲ್ಕು ಸೀಸಂ ಮರದ ಪಟ್ಟಿ, ಕೈಗೆರಡು. ಕಬ್ಬಿಣದ ಮೋರ್ಚಿಂಗ್ ಆದರೂ ಆದೀತು. ನುಡಿಸಿದ ಮೇಲೆ ಒರೆಸಿ ತೆಳ್ಳಗೆ ತೆಂಗಿನೆಣ್ಣೆ ಸವರದಿದ್ದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ.

ಮನೆಗೆ ತಂದದ್ದನ್ನು ಮೇ ತಿಂಗಳಲ್ಲಿ ಒಮ್ಮೆ ಬಿಸಿಲಿಗೆ ಹಾಕಿ. ಚರ್ಮವನ್ನು ನೆರಳಲ್ಲೇ ಒಣಗಿಸಿ. ಆಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ಬೆವರಿ ಬೂಷ್ಟು ಬರುತ್ತದೆ.