ಅಡ್ಜಸ್ಟೆಬಲ್ ಸಸ್ಪೆನ್ಷನ್ ಹಾಕಿಸಿದವ್ರು ಇದನ್ನ ನೋಡ್ರಿ
ಮುಧೋಳ, ಜಮಖಂಡಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಕೆಟ್ಟ ರಸ್ತೆಯೊಳಗ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬಿಗಿ ಇಡಬ್ಯಾಡ್ರಿ. ರಿಬೌಂಡ್, ಅಂದ್ರ ಒತ್ತಿದ ಸ್ಪ್ರಿಂಗ್ ವಾಪಸ್ ಮೇಲೇಳೂ ವೇಗದ ಸೆಟ್ಟಿಂಗ್, ಬಿಗಿ ಇದ್ರ ಒಂದು ತಗ್ಗಿನ್ಯಾಗ ಒತ್ತಿದ ಸ್ಪ್ರಿಂಗ್ ಮೇಲೇಳೂದ್ರೊಳಗ ಮುಂದಿನ ತಗ್ಗು ಬಂದಿರ್ತದ. ಹಿಂಗ ಕುಸಕೋತ ಹೋಗಿ ಕಡೀಕ ಬಂಪ್‌ಸ್ಟಾಪಿಗೆ (ಸಸ್ಪೆನ್ಷನ್ ಪೂರ್ತಿ ಕುಸಿದಾಗ ತಡಿಯೂ ರಬ್ಬರ್) ಬಡೀತದ.

ಡ್ಯಾಂಪರ್ ನಾಬ್ ಬಿಗಿ ಕಡೆ ಮೆಲ್ಲಕ ತಿರುವಿ, ಕೊನೀತನಕ ಎಷ್ಟು ಕ್ಲಿಕ್ ಬಂತು ಬರ್ಕೊಳ್ರಿ. ಜೋರ್ ಮಾಡಿ ತಿರುವಬ್ಯಾಡ್ರಿ. ಆ ಬಿಗಿ ಕೊನೆಯಿಂದ, ಬರ್ಕೊಂಡ ಲೆಕ್ಕಕ್ಕಿಂತ 2 ಕ್ಲಿಕ್ ಹೆಚ್ಚು ಸಡಿಲ ಮಾಡಿ ಅದೇ ರಸ್ತೆ ಮ್ಯಾಲ ಓಡಿಸ್ರಿ. ಎಡ, ಬಲ ಒಂದೇ ಇರಬೇಕು. ತಗ್ಗು ದಾಟಿದ ಮ್ಯಾಲೂ ಗಾಡಿ ಜಿಗೀತಿದ್ರ 1 ಕ್ಲಿಕ್ ವಾಪಸ್ ಬಿಗಿ ಮಾಡ್ರಿ.

ಎತ್ತರ ಬದಲಿಸಿದ್ರ ವೀಲ್ ಅಲೈನ್‌ಮೆಂಟ್ ಬೇಕೇ ಬೇಕು, ಇಲ್ಲಾಂದ್ರ ಟೈರ್ ಒಂದೇ ಬದಿ ಸವೀತದ. ಎರಿ ಮಣ್ಣು ಕಾಯಿಲ್‌ಓವರ್ (ಡ್ಯಾಂಪರ್ ಸುತ್ತ ಸ್ಪ್ರಿಂಗ್ ಇರೂ ಜೋಡಣೆ) ಥ್ರೆಡ್‌ನ್ಯಾಗ ಗಟ್ಟಿಯಾದ್ರ ಎತ್ತರ ಬದಲಿಸೂ ಕಾಲರ್ (ರಿಂಗ್) ತಿರುಗೂದಿಲ್ಲ. ಒಣಗೂ ಮೊದಲೇ ತೊಳೀರಿ.